ಫ್ಯಾನಿನ ಮೇಲಿನ ಸೇಸಪ್ಪನ ಸಂಬಳ

ಹನ್ನೆರಡನೇ ತರಗತಿಯ ಫಲಿತಾಂಶ ಬಂದ ದಿನ ಮಸ್ಕತ್ತಿನ ದಾರ್ಸೈಟಿನ ಫ್ಲ್ಯಾಟುಗಳಲ್ಲಿ ಸಿಹಿ ಹಂಚುತ್ತಾರೆ. ಮರುದಿನದಿಂದ ಗಂಡ ಹೆಂಡತಿ ಬಾಗಿಲು ಹಾಕಿಕೊಂಡು ಮೆಲ್ಲಗೆ ಮಾತಾಡಲು ಶುರು ಮಾಡುತ್ತಾರೆ. ಮಕ್ಕಳನ್ನು ಊರಿಗೆ ಕಳಿಸಿ ಓದಿಸುವುದು ಹೇಗೆ? ಫೀಸಿಗೆ ಏನು ಮಾಡುವುದು? ಈ ಮಾತು ಎಲ್ಲರ ಮನೆಯಲ್ಲೂ ನಡೆಯುತ್ತದೆ, ಆದರೆ ಯಾರೂ ಇನ್ನೊಬ್ಬರ ಹತ್ತಿರ ಬಾಯಿ ಬಿಡುವುದಿಲ್ಲ. ಗಲ್ಫಿನಲ್ಲಿದ್ದೇವಲ್ಲ, ಬಾಯಿ ಬಿಟ್ಟರೆ ಮರ್ಯಾದೆ ಹೋಗುತ್ತದೆ!

೨೦೦೮ರ ಬೇಸಿಗೆಯಲ್ಲಿ ಸೇಸಪ್ಪನ ಮನೆಯಲ್ಲೂ ಅದೇ ಕಥೆ.

ಸೇಸಪ್ಪ ಬಂಟ್ವಾಳದ ಕಡೆಯವನು. ದೊಡ್ಡ ದೊಡ್ಡ ಕ್ಯಾಂಪುಗಳಿಗೆ ಊಟ ಒದಗಿಸುವ ಕೇಟರಿಂಗ್ ಕಂಪನಿಯೊಂದರಲ್ಲಿ ಸ್ಟೋರ್ ಕೀಪರ್. ಕಂಪನಿಯ ಆಫೀಸು ಅಲ್ ಖುವೈರಿನಲ್ಲಿ, ತರಕಾರಿ ಗೋಡೌನು ದೂರದ ಬರ್ಕಾದಲ್ಲಿ. ಬೆಳಕು ಹರಿಯುವ ಮೊದಲೇ ವ್ಯಾನು ಹತ್ತಬೇಕು. ಇಡೀ ದಿನ ಟೊಮೆಟೊ ಪೆಟ್ಟಿಗೆ, ಈರುಳ್ಳಿ ಮೂಟೆಗಳ ಜೊತೆ ಗುದ್ದಾಡಿ, ಸಂಜೆ ಹೈವೇಯಲ್ಲಿ ಕಾರುಗಳ ನಡುವೆ ಸಿಕ್ಕಿಬಿದ್ದು ಮನೆ ಮುಟ್ಟುವಾಗ ಅವನ ಶರ್ಟು ಬೆನ್ನಿಗೆ ಅಂಟಿರುತ್ತಿತ್ತು. ದಣಿವು ಈಗೀಗ ನಿದ್ದೆ ಮಾಡಿದರೂ ಹೋಗುತ್ತಿರಲಿಲ್ಲ.

ಮನೆ ಎಂದರೆ ಒಂದು ಫ್ಲ್ಯಾಟು, ಅದರಲ್ಲಿ ಎರಡು ಸಂಸಾರ. ಒಂದು ಕೋಣೆಯಲ್ಲಿ ಸೇಸಪ್ಪ, ಹೆಂಡತಿ ಕುಸುಮ, ಮಗಳು ತೃಪ್ತಿ. ಇನ್ನೊಂದು ಕೋಣೆ ಹರಿಣಾಕ್ಷಿಯದು. ಅವಳ ಗಂಡ ಸೊಹಾರಿನಲ್ಲಿ ಕೆಲಸ ಮಾಡುತ್ತಿದ್ದ, ವಾರದ ರಜೆಗೆ ಮಾತ್ರ ಬರುತ್ತಿದ್ದ. ಹರಿಣಾಕ್ಷಿ ಒಂದು ಇಂಡಿಯನ್ ಸ್ಕೂಲಿನ ಲೈಬ್ರರಿ ನೋಡಿಕೊಳ್ಳುತ್ತಿದ್ದಳು. ಸುಳ್ಯದ ಕಡೆಯವಳಾದ್ದರಿಂದ ಅವಳ ಮನೆಮಾತು ಬೇರೆ, ಇವರದು ತುಳು, ಹಾಗಾಗಿ ನಡುವಿನ ಅಡುಗೆಮನೆಯಲ್ಲಿ ಮಂಗಳೂರು ಕನ್ನಡ ನಡೆಯುತ್ತಿತ್ತು. ಅಡುಗೆಮನೆ ಒಂದೇ ಆದ ಮೇಲೆ ಗುಟ್ಟು ಎಲ್ಲಿಂದ ಬರಬೇಕು? ಬಾಗಿಲು ಹಾಕಿಕೊಂಡು ಆಡಿದ ಮಾತೂ ಮರುದಿನ ಸಾರಿನ ಜೊತೆ ಕುದಿಯುತ್ತಿತ್ತು.

ಇದು ಇಲ್ಲಿಯ ಸೇಸಪ್ಪ. ಊರಿನಲ್ಲಿ ಇನ್ನೊಬ್ಬ ಸೇಸಪ್ಪ ಇದ್ದ. ಊರಿನ ಭಜನಾ ಮಂದಿರದ ಫ್ಯಾನಿನ ರೆಕ್ಕೆಯ ಮೇಲೆ ಕೆಂಪು ಬಣ್ಣದಲ್ಲಿ ‘ದಾನಿ: ಸೇಸಪ್ಪ, ಮಸ್ಕತ್’ ಎಂದು ಬರೆದಿತ್ತು. ಫ್ಯಾನು ತಿರುಗುವಾಗ ಅದನ್ನು ಓದಲಾಗುವುದಿಲ್ಲ, ಕರೆಂಟು ಹೋದಾಗ ಎಲ್ಲರಿಗೂ ಕಾಣುತ್ತದೆ. ನಮ್ಮ ಊರುಗಳಲ್ಲಿ ಕರೆಂಟು ಹೋಗುವುದಕ್ಕೇನು ಕಡಿಮೆಯೇ! ಆ ಸೇಸಪ್ಪ ದೊಡ್ಡ ಮ್ಯಾನೇಜರು. ರಜೆಗೆ ಬಂದರೆ ಮನೆ ಮನೆಗೆ ಸೆಂಟು, ಟಾರ್ಚು, ಸಾಬೂನು ಹಂಚುವವನು. ತಾನು ಮ್ಯಾನೇಜರೆಂದು ಸೇಸಪ್ಪ ಯಾರಿಗೂ ಹೇಳಿದವನಲ್ಲ. ಯಾರೋ ಹಾಗೆ ಕರೆದರು, ಇವನು ಅಲ್ಲ ಎನ್ನಲಿಲ್ಲ, ಅಷ್ಟೆ.

ಇನ್ನು ತೃಪ್ತಿಯ ವಿಷಯ. ಅವಳಿಗೆ ಆಕಾಶದ ಹುಚ್ಚು. ಎರಡು ವರ್ಷದ ಹಿಂದೆ ಸೂರ್ಯಗ್ರಹಣದ ದಿನ ಕುಸುಮ ಕಿಟಕಿ ಮುಚ್ಚಿ ಒಲೆ ಆರಿಸಿ ಕುಳಿತಿದ್ದಾಗ, ಈ ಹುಡುಗಿ ಅಪ್ಪ ತಂದ ಟೊಮೆಟೊ ಪೆಟ್ಟಿಗೆಯ ರಟ್ಟಿಗೆ ಸೂಜಿಯಿಂದ ತೂತು ಮಾಡಿಕೊಂಡು ಟೆರೇಸು ಹತ್ತಿದ್ದಳು. ಬೈಯಲೆಂದು ಮೇಲೆ ಹೋದ ಸೇಸಪ್ಪ ಬೈಯಲಿಲ್ಲ. ರಟ್ಟಿನ ನೆರಳಿನಲ್ಲಿ ಹಿಡಿದ ಬಿಳಿ ಕಾಗದದ ಮೇಲೆ, ಅಂಚು ಕಚ್ಚಿ ತೆಗೆದಂತಿದ್ದ ಪುಟಾಣಿ ಸೂರ್ಯ ಬಿದ್ದಿದ್ದ. “ಯಾವಾಗ ಬಿಡ್ತದೆ?” ಎಂದು ಕೇಳಿದ. ಅವಳು ಹೇಳಿದ ಹೊತ್ತಿಗೇ ಗ್ರಹಣ ಬಿಟ್ಟಿತು. ತನ್ನ ಗೋಡೌನಿನ ರಟ್ಟಿನಿಂದ ಇಂಥದ್ದೊಂದು ಆಗುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ಆ ದಿನದ ಮಟ್ಟಿಗೆ ಅವನ ಬೆನ್ನುನೋವು ಮರೆತುಹೋಗಿತ್ತು. ರಟ್ಟನ್ನು ತೃಪ್ತಿ ಕಪಾಟಿನ ಹಿಂದೆ ಜೋಪಾನವಾಗಿ ಇಟ್ಟುಕೊಂಡಳು.

ಈಗ ಅವಳಿಗೆ ಇಂಡಿಯಾದ ಒಂದು ವಿಜ್ಞಾನ ಸಂಸ್ಥೆಯಲ್ಲಿ ಸೀಟು ಸಿಕ್ಕಿತ್ತು. ಪ್ರವೇಶ ಪರೀಕ್ಷೆ ಬರೆದು ಸಂಪಾದಿಸಿದ ಸೀಟು. ಮೊದಲು ಭೌತಶಾಸ್ತ್ರ, ಕೊನೆಯ ವರ್ಷಗಳಲ್ಲಿ ಖಗೋಳ ವಿಜ್ಞಾನ. ಜುಲೈ ಮುಗಿಯುವುದರೊಳಗೆ ಫೀಸು ಕಟ್ಟದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದೆ.

“ಆಕಾಶ ನೋಡಿದ್ರೆ ಹೊಟ್ಟೆ ತುಂಬ್ತದಾ?” ಎಂದ ಸೇಸಪ್ಪ, ಚಪ್ಪಲಿ ಬಿಚ್ಚುತ್ತಲೇ. “ಇಲ್ಲೇ ಕರೆಸ್ಪಾಂಡೆನ್ಸಲ್ಲಿ ಬಿ.ಕಾಂ. ಮಾಡ್ಲಿ. ಯಾವ್ದಾದ್ರೂ ಆಫೀಸಲ್ಲಿ ಕೆಲ್ಸ ಸಿಗ್ತದೆ.”

ಹರಿಣಾಕ್ಷಿ ಒಲೆಯ ಹತ್ತಿರದಿಂದಲೇ ತಿರುಗಿದಳು. “ಸೇಸಪ್ಪಣ್ಣ, ಪರೀಕ್ಷೆ ಬರೆದು ತಗೊಂಡ ಸೀಟು ಅದು. ಸ್ಕಾಲರ್‌ಶಿಪ್‌ಗೆ ಹಾಕಿ ಅಂತ ನಾನು ಎಷ್ಟು ಸಲ ಹೇಳಿದ್ದೇನೆ.”

“ನಾವು ಗಲ್ಫಿನವರು ಮಾರಾಯ್ತಿ. ನಮಗೆ ಯಾರು ಸ್ಕಾಲರ್‌ಶಿಪ್ ಕೊಡ್ತಾರೆ?”

“ಗಲ್ಫಿನವರಿಗೆ ಕೊಡ್ಬಾರ್ದು ಅಂತ ನಿಮಗೆ ಯಾರು ಹೇಳಿದ್ದು? ಓದಿ ನೋಡಿದ್ರಾ? ಕೆಲವು ಸಿಗ್ಲಿಕ್ಕಿಲ್ಲ, ಕೆಲವು ಸಿಗ್ತದೆ. ಅವಳ ಪಾಸ್‌ಪೋರ್ಟ್ ಇಂಡಿಯಾದ್ದೇ ಅಲ್ವಾ?”

“ಹುಡುಕಿದ್ದಾಳೆ ಅಕ್ಕ,” ಎಂದಳು ಕುಸುಮ. “ಖಗೋಳಕ್ಕೆ ಅಂತ ಒಂದೂ ಇಲ್ವಂತೆ.”

“ಖಗೋಳ ಅಂತ ಹೆಸರು ಹಾಕಿ ಹುಡುಕಿದ್ರೆ ಸಿಗುದು ಕಷ್ಟ ಕುಸುಮ. ಆ ಮನೆಗೆ ಹೋಗುವ ಬಾಗ್ಲು ಫಿಸಿಕ್ಸಿನದ್ದು. ಫಿಸಿಕ್ಸ್, ಮೂಲ ವಿಜ್ಞಾನ, ಹಾಗೆ ಹುಡುಕ್ಬೇಕು. ಸೀಟು ಕೊಟ್ಟ ಸಂಸ್ಥೆಯದ್ದೇ ಫೀಸು ಮಾಫಿ ಉಂಟಾ ನೋಡ್ಬೇಕು. ಸರ್ಕಾರದ್ದು ಎಂತ ಉಂಟು, ಎಂಬೆಸಿಯಲ್ಲಿ ಎಂತ ಹೇಳ್ತಾರೆ, ಊರಿನ ಟ್ರಸ್ಟಿನವರು ಎಂತ ಕೊಡ್ತಾರೆ, ಎಲ್ಲ ಕೇಳ್ಬೇಕು. ಒಂದಕ್ಕೇ ಕಾದು ಕೂತ್ರೆ ಆಗುದಿಲ್ಲ.”

“ರೂವಿ ಪೇಟೆಯಲ್ಲಿ ಒಬ್ಬ ಏಜೆಂಟ್ ಇದ್ದಾನಂತಲ್ಲ?” ಎಂದಳು ಕುಸುಮ. “ ಮೊದ್ಲು ಸ್ವಲ್ಪ ಕೊಟ್ರೆ ಸ್ಕಾಲರ್‌ಶಿಪ್ ಮಾಡಿಸಿ ಕೊಡ್ತಾನಂತೆ.”

“ಸಹಾಯ ಕೊಡುವವರು ಯಾರಾದ್ರೂ ಮೊದ್ಲು ನಮ್ಮ ಹತ್ರ ಕೇಳ್ತಾರಾ? ಅಂಥವನ ಬಾಗ್ಲಿಗೂ ಹೋಗ್ಬೇಡಿ.”

ಸೇಸಪ್ಪ ಕೈ ತೊಳೆದು ನೆಲದ ಮೇಲೆ ಕುಳಿತ. ಅವನನ್ನು ಕೊರೆಯುತ್ತಿದ್ದದ್ದು ಬೇರೆಯೇ. “ಕೈಚಾಚಿ ಅರ್ಜಿ ಹಾಕ್ಬೇಕಲ್ಲ,” ಎಂದ ತಟ್ಟೆ ನೋಡುತ್ತಾ. “ಊರಲ್ಲಿ ಗೊತ್ತಾದ್ರೆ?”

ಕೋಣೆಯ ಬಾಗಿಲಲ್ಲಿ ನಿಂತು ತೃಪ್ತಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅವಳು ಇಂಗ್ಲಿಷಿನಲ್ಲಿ ಅಂದಳು, “ಇಟ್ಸ್ ಓಕೆ ಪಪ್ಪಾ. ಐ ವಿಲ್ ಡೂ ಬಿ.ಕಾಂ.”

ಅವಳು ಅತ್ತಿದ್ದರೆ ಸೇಸಪ್ಪ ಗದರುತ್ತಿದ್ದನೋ ಏನೋ. ಆ ‘ಓಕೆ’ ಮಾತ್ರ ಅವನಿಂದ ತಡೆಯಲಾಗಲಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

“ಆಯ್ತು. ಎಂತೆಲ್ಲ ಬೇಕು ಹೇಳಿ,” ಎಂದ.

“ಮಾರ್ಕ್ಸ್ ಕಾರ್ಡು, ಸೀಟಿನ ಪತ್ರ, ಮತ್ತೆ ನಿಮ್ಮ ಸ್ಯಾಲರಿ ಸರ್ಟಿಫಿಕೇಟ್,” ಎಂದಳು ಹರಿಣಾಕ್ಷಿ. “ಕೆಲವು ಸ್ಕಾಲರ್‌ಶಿಪ್ ಮಾರ್ಕು ನೋಡಿ ಕೊಡುದು. ಫೀಸು ಮಾಫಿ ಮಾತ್ರ ಮನೆಯ ವರಮಾನ ನೋಡಿ. ಸರ್ಟಿಫಿಕೇಟ್ ತಂದ ಮೇಲೆ ನಂಗೊಮ್ಮೆ ತೋರ್ಸಿ, ಮತ್ತೆ ಕಳ್ಸುವ.”

ಅಲ್ ಖುವೈರಿನ ಆಫೀಸಿನಲ್ಲಿ ಸ್ಯಾಲರಿ ಸರ್ಟಿಫಿಕೇಟ್ ಟೈಪ್ ಮಾಡುವವನು ರಾಯಚೂರಿನ ಭೀಮರಾಯ. ಚಿನ್ನದಂಥ ಮನುಷ್ಯ. ಗಲ್ಫಿನಲ್ಲಿ ಈ ಕಾಗದ ಯಾವಾಗ ಬೇಕಾಗುತ್ತದೆಂದು ಓದುವ ನಿಮಗೆ ಗೊತ್ತೇ ಇದೆ. ಹೆಂಡತಿ ಮಕ್ಕಳನ್ನು ಕರೆಸುವ ವೀಸಾಕ್ಕೆ, ಬ್ಯಾಂಕಿನ ಸಾಲಕ್ಕೆ, ಊರಿನಲ್ಲಿ ಹೆಣ್ಣು ಕೊಡುವವರಿಗೆ ತೋರಿಸಲಿಕ್ಕೆ. ಎಲ್ಲದಕ್ಕೂ ಸಂಬಳ ಹೆಚ್ಚಿದ್ದಷ್ಟೂ ಒಳ್ಳೆಯದು. ಹಾಗಾಗಿ ಭೀಮರಾಯನ ಕೈಗೆ ಸಂಬಳ ಏರಿಸಿ ಬರೆದೇ ಅಭ್ಯಾಸವಾಗಿತ್ತು. ಅದರಿಂದ ಅವನಿಗೆ ನಯಾಪೈಸೆ ಲಾಭವಿರಲಿಲ್ಲ, ಜನಕ್ಕೆ ಉಪಕಾರ ಮಾಡಿದ ಸಮಾಧಾನ ಮಾತ್ರ.

“ಯಾತಕ್ಕ ಬೇಕ್ರಿ ಸೇಸಪ್ಪನವರ?” ಎಂದು ಕೇಳಿದ.

ಪಕ್ಕದ ಮೇಜುಗಳಲ್ಲಿ ಜನ ಇದ್ದರು. ಫೀಸು ಮಾಫಿಗೆ ಎನ್ನಲು ಸೇಸಪ್ಪನ ನಾಲಗೆ ಏಳಲಿಲ್ಲ. “ಮಗಳ ಅಡ್ಮಿಶನ್ನಿಗೆ,” ಎಂದುಬಿಟ್ಟ.

“ಮಗಳ ಅಡ್ಮಿಶನ್ನಿಗೇನ್ರಿ? ಹಂಗಾದ್ರ ತಡೀರಿ, ಚಲೋತ್ನಾಗಿ ಬರೀತೀನಿ. ದೊಡ್ಡ ಕಾಲೇಜಿನವ್ರು ನೋಡ್ತಾರ. ನಿಮ್ಮ ಮರ್ಯಾದಿ ಅಂದ್ರ ನಮ್ಮ ಮರ್ಯಾದಿ ಅಲ್ಲೇನ್ರಿ?”

ಕಂಪನಿಯ ಲೆಟರ್‌ಹೆಡ್ಡು, ಕೆಳಗೆ ದುಂಡನೆಯ ಸೀಲು. ಹುದ್ದೆ: ಸ್ಟೋರ್ಸ್ ಮ್ಯಾನೇಜರ್. ಸಂಬಳ ಇದ್ದದ್ದಕ್ಕಿಂತ ಎಷ್ಟೋ ಮೇಲೆ. ಸೇಸಪ್ಪ ಓದಿದ, ಇನ್ನೊಮ್ಮೆ ಓದಿದ. ಇದು ತಪ್ಪು ಎಂದು ಅವನಿಗೆ ಗೊತ್ತಾಯಿತು. ಆದರೂ ಬಿಸಿಲಲ್ಲಿ ನಡೆದು ಬಂದವನಿಗೆ ಯಾರೋ ಕುರ್ಚಿ ಎಳೆದುಕೊಟ್ಟ ಹಾಗಾಯಿತು. ಇಷ್ಟು ವರ್ಷ ಮೂಟೆಗಳ ನಡುವೆ ಸವೆದದ್ದಕ್ಕೆ, ಕಾಗದದ ಮೇಲಾದರೂ ಮ್ಯಾನೇಜರ್ ಆದೆನಲ್ಲ! ಬಾಯಿ ತೆರೆದು “ಬೇಡ” ಎನ್ನುವಷ್ಟು ಶಕ್ತಿ ಆ ಹೊತ್ತಿಗೆ ಅವನಲ್ಲಿ ಉಳಿದಿರಲಿಲ್ಲ.

ಹರಿಣಾಕ್ಷಿಗೆ ತೋರಿಸಲಿಲ್ಲ. ರೂವಿಯಲ್ಲಿ ಇಳಿದು ನೇರ ಕೊರಿಯರ್ ಮಾಡಿ ಮನೆಗೆ ಬಂದ.

“ಕಳ್ಸಿ ಆಯ್ತು, ಖಲಾಸ್,” ಎಂದ.

“ನಂಗೆ ತೋರ್ಸಿ ಅಂದಿದ್ದೆ,” ಎಂದಳು ಅವಳು.

“ಸರಿ ಉಂಟು ಅದು,” ಎಂದು ಹೇಳಿ ಸ್ನಾನಕ್ಕೆ ಹೋದ.

ಉತ್ತರ ಬಂದದ್ದು ಜುಲೈಯಲ್ಲಿ, ನಲ್ಲಿ ಬಿಟ್ಟರೆ ತಣ್ಣೀರಿನ ಬದಲು ಬಿಸಿನೀರೇ ಬರುವ ದಿನಗಳಲ್ಲಿ. ತೃಪ್ತಿ ಸ್ಕೂಲಿನ ಲೈಬ್ರರಿಯಿಂದ ಇಮೇಲಿನ ಪ್ರಿಂಟು ತಂದಿದ್ದಳು. ಸೀಟು ಇದೆ, ಫೀಸು ಮಾಫಿ ಇಲ್ಲ, ಕುಟುಂಬದ ವರಮಾನ ಮಿತಿಗಿಂತ ಹೆಚ್ಚು.

“ನಮ್ಮದು ಹೆಚ್ಚಾ?” ಎಂದಳು ಕುಸುಮ. ಅವಳಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. “ಒಂದು ಅಡುಗೆಮನೆಯಲ್ಲಿ ಎರಡು ಸಂಸಾರ ಮಾಡುವವರದ್ದು ಹೆಚ್ಚು ಅಂತಾದ್ರೆ ಕಡಿಮೆ ಯಾರದ್ದು?”

ತೃಪ್ತಿ ಕೋಣೆಗೆ ಹೋಗಿ ಕಪಾಟಿನ ಹಿಂದಿನಿಂದ ಆ ಟೊಮೆಟೊ ಪೆಟ್ಟಿಗೆಯ ರಟ್ಟನ್ನು ತೆಗೆದು, ಹಳೆಯ ಪೇಪರುಗಳ ಜೊತೆ ಕಸದ ಬುಟ್ಟಿಯ ಪಕ್ಕ ಇಟ್ಟಳು. ಆಮೇಲೆ ಬಿ.ಕಾಂ. ಅರ್ಜಿ ಎಲ್ಲಿ ಸಿಗುತ್ತದೆಂದು ಹರಿಣಾಕ್ಷಿಯನ್ನು ಕೇಳಿದಳು.

“ಅರ್ಜಿ ಮತ್ತೆ ನೋಡುವ,” ಎಂದಳು ಹರಿಣಾಕ್ಷಿ. “ಸೇಸಪ್ಪಣ್ಣ, ಕಳ್ಸಿದ್ದರ ಕಾಪಿ ಉಂಟಾ?”

ಅವನು ಶರ್ಟುಗಳ ಅಡಿಯಿಂದ ತೆಗೆದು ಕೊಟ್ಟ. ಅವಳು ಓದಿ ತಲೆ ಎತ್ತಿದಳು.

“ಇದು ಯಾರ ಸಂಬಳ?”

ಸೇಸಪ್ಪ ಗೋಡೆಗೆ ಒರಗಿದ. “ನಂದಲ್ಲ,” ಎಂದ. “ಅದು ಊರಲ್ಲಿ ಫ್ಯಾನಿನ ಮೇಲೆ ಇದ್ದಾನಲ್ಲ, ಆ ಸೇಸಪ್ಪನದ್ದು.”

ಕುಸುಮ ಕಾಗದವನ್ನು ತೆಗೆದುಕೊಂಡು ನೋಡಿದಳು. ಕೂಗಾಡುತ್ತಾಳೆಂದುಕೊಂಡಿದ್ದ, ಅವಳ ದನಿ ಏರಲಿಲ್ಲ.

“ಆ ಸೇಸಪ್ಪ ನಂಗೆ ಒಂದು ದಿನ ಕಾಲು ಕಿಲೋ ಬಂಗುಡೆ ತಂದು ಕೊಟ್ಟವನಲ್ಲ,” ಎಂದಳು. “ತಂದದ್ದೆಲ್ಲ ಈ ಸೇಸಪ್ಪನೇ. ಜ್ವರ ಬಂದ್ರೂ ಬರ್ಕಾಕ್ಕೆ ಹೋದದ್ದು ಈ ಸೇಸಪ್ಪನೇ. ಇವನ ಹೆಸ್ರು ಬರೀಲಿಕ್ಕೆ ನಿಮಗೆ ಎಂತ ನಾಚಿಕೆ?”

ಸೇಸಪ್ಪನ ಕಣ್ಣು ತುಂಬಿತು. ಮುಖ ಒರೆಸಿಕೊಳ್ಳುವ ನೆಪದಲ್ಲಿ ಬೈರಾಸು ಎಳೆದುಕೊಂಡ.

“ಇಲ್ಲ ಅಂದದ್ದು ಕೊನೆಯ ಮಾತಲ್ಲ,” ಎಂದಳು ಹರಿಣಾಕ್ಷಿ. “ಯಾಕೆ ಇಲ್ಲ ಅಂತ ಬರೆದಿದ್ದಾರಲ್ಲ, ಅದನ್ನು ಸರಿ ಮಾಡಿ ಇನ್ನೊಮ್ಮೆ ಕಳ್ಸುವ. ನಿಜವಾದ ಸರ್ಟಿಫಿಕೇಟ್, ಸಂಬಳ ಬೀಳುವ ಬ್ಯಾಂಕಿನ ಸ್ಟೇಟ್‌ಮೆಂಟ್, ತಪ್ಪಾಯ್ತು ಅಂತ ಒಂದು ಪತ್ರ. ಊರಿನ ಟ್ರಸ್ಟಿಗೂ ಅದನ್ನೇ ಕಳ್ಸಿ, ಹಾಸ್ಟೆಲ್ ಖರ್ಚಿಗೆ ಆಗ್ತದೆ.”

“ಸುಳ್ಳು ಕಾಗದ ಕೊಟ್ಟವ ಅಂತ ಸೀಟೇ ತೆಗೆದ್ರೆ?”

“ತೆಗೆಯುದಿಲ್ಲ ಅಂತ ನಾನು ಹೇಳ್ಲಿಕ್ಕೆ ಆಗುದಿಲ್ಲ ಅಣ್ಣ. ಆದ್ರೆ ಸುಮ್ಮನೆ ಕೂತ್ರೆ ಸೀಟು ಹೋಗುದು ಗ್ಯಾರಂಟಿ.”

ಮರುದಿನ ಸೇಸಪ್ಪ ಭೀಮರಾಯನ ಮೇಜಿನ ಮುಂದೆ ನಿಂತ. ಪಕ್ಕದ ಮೇಜುಗಳಲ್ಲಿ ಅಂದೂ ಜನ ಇದ್ದರು. ಆದರೂ ಅವನು ದನಿ ಇಳಿಸಲಿಲ್ಲ.

“ಭೀಮರಾಯರೆ, ಸರ್ಟಿಫಿಕೇಟ್ ಬೇರೆ ಬೇಕು. ಫೀಸು ಮಾಫಿಗೆ. ನನ್ನ ಸಂಬಳದಲ್ಲಿ ಮಗಳನ್ನು ಓದಿಸ್ಲಿಕ್ಕೆ ನನಗೆ ಆಗುದಿಲ್ಲ. ಎಷ್ಟು ಉಂಟೋ ಅಷ್ಟೇ ಬರೀರಿ. ಸ್ಟೋರ್ ಕೀಪರ್ ಅಂತಲೇ ಬರೀರಿ.”

ಭೀಮರಾಯ ಕನ್ನಡಕ ತೆಗೆದ. “ಇಷ್ಟ ಬರದ್ರ ನೋಡಿದವ್ರು ಏನಂದಾರ್ರಿ?”

“ಅನ್ನಲಿ. ನೀವು ಹೆಚ್ಚು ಬರೆದದ್ದಕ್ಕೆ ಅವಳ ಮಾಫಿ ಹೋಯ್ತು.”

ಭೀಮರಾಯನ ಮುಖ ಸಪ್ಪಗಾಯಿತು. “ಅಯ್ಯ ಶಿವನೇ! ನಾ ಒಳ್ಳೇದಾಗ್ಲಿ ಅಂತ ಬರದಿದ್ನೆಲ್ರಿ,” ಎಂದ. ಮರುಮಾತಾಡದೆ ಇದ್ದದ್ದು ಇದ್ದ ಹಾಗೆ ಟೈಪ್ ಮಾಡಿದ. ಹಿಂದಿನದನ್ನು ತಾನೇ ತಪ್ಪು ಬರೆದೆನೆಂದು ಇನ್ನೊಂದು ಹಾಳೆಯನ್ನೂ ಸೇರಿಸಿ ಮೇಲಿನವರ ಸಹಿ ಹಾಕಿಸಿಕೊಟ್ಟ. ಹಾಗೆ ಕೊಡುತ್ತಾ ಮೆಲ್ಲಗೆ ಕೇಳಿದ, “ಸೇಸಪ್ಪನವರ, ಬರೋ ವರ್ಷ ನನ್ನ ಮಗನೂ ಹನ್ನೆರಡನೇ ಕ್ಲಾಸ ಮುಗಸ್ತಾನ್ರಿ. ನಮ್ಮಂಥವ್ರಿಗೂ ಇವೆಲ್ಲ ಸಿಗ್ತಾವಂತ ನನಗ ಗೊತ್ತ ಇರ್ಲಿಲ್ಲ. ಆ ಲೈಬ್ರರಿ ಅಕ್ಕಾರ ನಂಬರ್ ಒಂದೀಟು ಕೊಡ್ತೀರೇನು?”

ಊರಿಗೆಲ್ಲ ಸಂಬಳ ಏರಿಸಿ ಬರೆದುಕೊಟ್ಟವನ ಮನೆಯಲ್ಲೂ ಬಾಗಿಲು ಹಾಕಿಕೊಂಡೇ ಮಾತು ನಡೆಯುತ್ತಿತ್ತು! ಸೇಸಪ್ಪನಿಗೆ ಅಂದು ಮೊದಲ ಸಲ ಸ್ವಲ್ಪ ನಗು ಬಂತು.

ಸಂಸ್ಥೆಯವರು ಸುಲಭದಲ್ಲಿ ಬಿಡಲಿಲ್ಲ. ಎರಡು ಕಾಗದ ಬೇರೆ ಬೇರೆ ಯಾಕೆ ಎಂದು ಕೇಳಿದರು, ಮೂಲ ಸ್ಟೇಟ್‌ಮೆಂಟ್ ಕೇಳಿದರು, ಸೇಸಪ್ಪನನ್ನು ಫೋನಿನಲ್ಲೂ ವಿಚಾರಿಸಿದರು. ಅವನು ಬರ್ಕಾದ ಗೋಡೌನಿನಲ್ಲಿ ನಿಂತು, ಬೆವರು ಒರೆಸಿಕೊಳ್ಳುತ್ತಾ, ನಾಚಿಕೆಯಿಂದ ಹಾಗೆ ಮಾಡಿದೆ ಸಾರ್ ಎಂದು ಇದ್ದದ್ದನ್ನು ಹೇಳಿದ. ಫೀಸು ಕಟ್ಟುವ ಗಡುವು ಹತ್ತಿರ ಬರುತ್ತಿತ್ತು. ಕೊನೆಗೂ ಒಂದು ಸಂಜೆ ಹರಿಣಾಕ್ಷಿ ಸ್ಕೂಲಿನಿಂದ ಬಂದವಳು ಚಪ್ಪಲಿ ಸಹ ಬಿಚ್ಚದೆ ಅಡುಗೆಮನೆಗೆ ನುಗ್ಗಿದಳು. ಫೀಸು ಮಾಫಿಯಾಗಿತ್ತು. ಕುಸುಮ ಸೌಟು ಹಿಡಿದ ಕೈಯಲ್ಲೇ ಮಗಳನ್ನು ತಬ್ಬಿಕೊಂಡಳು.

ಟ್ರಸ್ಟಿನವರು ಹಾಸ್ಟೆಲ್ ಖರ್ಚಿಗೆ ಒಪ್ಪಿದ್ದು ಅದಾದ ಮೇಲೆ. ಅವರ ಸಭೆ ನಡೆಯುವುದು ಆ ಭಜನಾ ಮಂದಿರದಲ್ಲೇ. ಶುಕ್ರವಾರ ಊರಿನಿಂದ ಸೇಸಪ್ಪನ ಅಣ್ಣನ ಫೋನು ಬಂತು.

“ಎಂತದಾ ಇದು? ಮೈಕಿನಲ್ಲಿ ‘ತೃಪ್ತಿ, ತಂದೆ ಸೇಸಪ್ಪ, ಸ್ಟೋರ್ ಕೀಪರ್, ಮಸ್ಕತ್’ ಅಂತ ಓದಿದ್ರಲ್ಲ? ಓದುವಾಗ ತಪ್ಪಿದ್ದಾ?”

ಸೇಸಪ್ಪ ಮಗಳ ಕಡೆ ನೋಡಿದ. ಅವಳು ಸೂಟ್‌ಕೇಸಿನಲ್ಲಿ ಬಟ್ಟೆಗಳ ಮೇಲೆ ಆ ಟೊಮೆಟೊ ಪೆಟ್ಟಿಗೆಯ ರಟ್ಟನ್ನು ಇಡುತ್ತಿದ್ದಳು. ಕಸದ ಬುಟ್ಟಿಯ ಪಕ್ಕದಿಂದ ಅವಳು ಹೊರಗಿಟ್ಟ ದಿನವೇ ಸೇಸಪ್ಪ ಎತ್ತಿ ತಂದು ಇಟ್ಟುಕೊಂಡಿದ್ದ.

“ಇಲ್ಲ ಅಣ್ಣ,” ಎಂದ. “ಸರಿಯಾಗಿಯೇ ಓದಿದ್ದಾರೆ.”

ಅಣ್ಣ ದನಿ ತಗ್ಗಿಸಿ, “ಎಲ್ಲರೂ ಚಪ್ಪಾಳೆ ತಟ್ಟಿದ್ರು,” ಎಂದ.

ತಂದೆ ತಾಯಂದಿರೇ, ನಿಮ್ಮ ಮಕ್ಕಳಲ್ಲೂ ನಕ್ಷ‌ತ್ರ ನೋಡುವವರು ಇರಬಹುದು. ಆ ಓದು ನಮ್ಮಂಥವರಿಗಲ್ಲ ಎಂದು ಮೊದಲೇ ಕೈಚೆಲ್ಲಬೇಡಿ. ಫಲಿತಾಂಶ ಬರುವವರೆಗೆ ಕಾಯದೆ ಹನ್ನೊಂದನೇ ತರಗತಿಯಿಂದಲೇ ಶಾಲೆಯಲ್ಲಿ, ಎಂಬೆಸಿಯಲ್ಲಿ, ಕಾಲೇಜಿನ ವೆಬ್‌ಸೈಟಿನಲ್ಲಿ, ಊರಿನ ಟ್ರಸ್ಟುಗಳಲ್ಲಿ ವಿಚಾರಿಸಿ. ಖಗೋಳಕ್ಕೆ ಎಂದು ಸಿಗದಿದ್ದರೆ ಭೌತಶಾಸ್ತ್ರಕ್ಕೆ, ಮೂಲ ವಿಜ್ಞಾನಕ್ಕೆ ಏನಿದೆ ನೋಡಿ. ಯಾರಿಗೆ ಕೊಡುತ್ತಾರೆ, ಯಾವ ದಿನದೊಳಗೆ ಕೇಳಬೇಕು ಎಂಬುದನ್ನು ನೀವೇ ಓದಿ, ಓದಲು ಬಾರದಿದ್ದರೆ ಗೊತ್ತಿದ್ದವರಿಂದ ಓದಿಸಿ. ಮುಂಗಡ ಕೇಳುವವನನ್ನು ನಂಬಬೇಡಿ. ಒಮ್ಮೆ ಇಲ್ಲ ಎಂದರೆ ಯಾಕೆ ಎಂದು ಕೇಳಿ. ಮುಖ್ಯವಾಗಿ, ಪಕ್ಕದ ಮನೆಯವರ ಹತ್ತಿರ ಬಾಯಿ ಬಿಡಿ, ಅವರೂ ಅದೇ ಚಿಂತೆಯಲ್ಲಿದ್ದಾರೆ.

ಊರಿನ ಫ್ಯಾನಿನ ಮೇಲೆ ನಿಮ್ಮ ಹೆಸರು ಇರಲಿ, ಬೇಡವೆನ್ನುವುದಿಲ್ಲ. ಮಕ್ಕಳ ಅರ್ಜಿಯ ಮೇಲೆ ಮಾತ್ರ ನಿಮ್ಮ ನಿಜವಾದ ಸಂಬಳ ಇರಲಿ.